ನಾಲ್ಕು ದಿನ ನಿಂತು ಮತ್ತೆ ಬಂದ ನಲ್ಲಿ ನೀರು: ಕುಡಿಯಬಹುದಾ, ಚೆಲ್ಲಬೇಕಾ?

ಪ್ರಶ್ನೆ: ಸರ್, ನಾವು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ನಾಲ್ಕು ಮನೆಗೆ ಒಂದೇ ಸಂಪು. ಹೋದ ವಾರ ನಾಲ್ಕು ದಿನ ಕಾವೇರಿ ನೀರು ಬರಲಿಲ್ಲ. ಎರಡನೇ ದಿನಕ್ಕೇ ಸಂಪು ಖಾಲಿ. ಓನರ್ ಒಂದು ಟ್ಯಾಂಕರ್ ತರಿಸಿ ಸಂಪಿಗೇ ಬಿಡಿಸಿದರು. ಆ ನೀರಿಗೆ ಮಣ್ಣಿನ ವಾಸನೆ ಇತ್ತು, ಟಿಡಿಎಸ್ ಮೀಟರ್ 780 ತೋರಿಸಿತು. ಐದನೇ ದಿನ ಬೆಳಗಿನ ಜಾವ ಕಾವೇರಿ ಬಂತು. ಮೊದಲು ಡಿಕಾಕ್ಷನ್ ಥರ ಕೆಂಪಗೆ, ಆಮೇಲೆ ಹಾಲಿನ ಥರ ಬೆಳ್ಳಗೆ. ಅದೂ ಸಂಪಿಗೇ ಸೇರಿದೆ. ಆರು ವರ್ಷದ ಮಗನಿಗೆ ಎರಡು ದಿನದಿಂದ ಭೇದಿ. ನಮ್ಮ ಯಜಮಾನರು ಆರ್‌ಓ ಇದೆಯಲ್ಲ, ಏನೂ ಆಗಲ್ಲ ಅಂತಾರೆ. ಅತ್ತೆ ಪಟಿಕ ಆಡಿಸಿ ತಾಮ್ರದ ಬಿಂದಿಗೆಯಲ್ಲಿ ಇಟ್ಟರೆ ಸಾಕು ಅಂತಾರೆ. ಕೆಳಗಿನ ಮನೆಯವರು ಬ್ಲೀಚಿಂಗ್ ಪೌಡರ್ ಹಾಕೋಣ ಅಂದರೆ ಪಕ್ಕದವರು ಅದರಿಂದ ಕ್ಯಾನ್ಸರ್ ಬರುತ್ತೆ ಅಂತ ತಡೆದರು. ಸಂಪಿನ ನೀರೆಲ್ಲ ಚೆಲ್ಲಬೇಕಾ? ಬಚ್ಚಲಲ್ಲಿ ತುಂಬಿಟ್ಟ ಎರಡು ಡ್ರಮ್ ನೀರು ಹಾಗೇ ಇದೆ, ಇಟ್ಟುಕೊಳ್ಳಬಹುದಾ? ಮುಂದಿನ ಸಲ ಹೀಗಾದರೆ ಏನು ಮಾಡೋದು?

ಉತ್ತರ: ಮೊದಲು ಮಗುವಿನ ವಿಷಯ, ಉಳಿದದ್ದೆಲ್ಲ ಆಮೇಲೆ. ನಾನು ಡಾಕ್ಟರ್ ಅಲ್ಲ, ಇಪ್ಪತ್ತು ವರ್ಷದ ಮೇಲಾಯಿತು, ಮನೆಗಳ ಸಂಪು, ಪೈಪು, ನೀರಿನ ಪರೀಕ್ಷೆ ಇದೇ ಕೆಲಸ ಮಾಡಿಕೊಂಡಿದ್ದೇನೆ. ಆದರೂ ಇಷ್ಟು ಹೇಳುತ್ತೇನೆ. ಎರಡು ದಿನ ಭೇದಿ ಅಂದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಓಆರ್‌ಎಸ್ ಕುಡಿಸಿ. ಒಂದು ಲೀಟರಿನ ಪೊಟ್ಟಣ ಆದರೆ ಇಡೀ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಸುಮ್ನೆ ಒಂದು ಲೋಟಕ್ಕೆ ಅಂದಾಜಿನಲ್ಲಿ ಒಂದು ಚಿಟಿಕೆ ಹಾಕುವುದು ಬೇಡ. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ಕಾಯಬೇಡಿ. ಇವತ್ತಿನಿಂದ ಮುಂದೆ ನಾನು ಹೇಳುವ ಕೆಲಸ ಮುಗಿಯುವವರೆಗೂ ಮನೆಯಲ್ಲಿ ಎಲ್ಲರೂ ಕುದಿಸಿದ ನೀರನ್ನೇ ಕುಡಿಯಿರಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸಲೂ ಅದೇ ನೀರು. ಇದನ್ನು ತುಂಬಾ ಜನ ಮರೆಯುತ್ತಾರೆ.

ಈಗ ನಿಮ್ಮ ಗೊಂದಲಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇದ್ದ ಹಾಗೆ ಕಾಣುತ್ತದೆ, ಆದರೆ ನಿಜವಾಗಿ ಇರುವುದು ಒಂದೇ: ಈ ನೀರನ್ನು ನಂಬಬಹುದಾ? ನೀರು ಇಲ್ಲದ ನಾಲ್ಕು ದಿನ ನೀವು ಎಷ್ಟು ಹುಷಾರಾಗಿದ್ದಿರಿ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಅಳೆದು ಅಳೆದು ಬಳಸಿದ್ದೀರಿ. ಐದನೇ ದಿನ ನಲ್ಲಿ ಬುಸುಗುಟ್ಟಿದ ಕೂಡಲೇ ಎಲ್ಲರಿಗೂ ಉಸಿರು ಬಂದಂತಾಗಿ, ಬಂದದ್ದನ್ನೆಲ್ಲ ತುಂಬಿಸಿಕೊಂಡಿರಿ. ಎಲ್ಲರೂ ಮಾಡುವುದು ಅದನ್ನೇ. ನನ್ನ ಅನುಭವದಲ್ಲಿ ಕಾಯಿಲೆ ಬರುವುದು ನೀರು ನಿಂತ ದಿನಗಳಲ್ಲಿ ಅಲ್ಲ, ತಿರುಗಿ ಬಂದ ಮೊದಲ ಎರಡು ಮೂರು ದಿನದಲ್ಲಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬರುತ್ತದೆ. ಸುಮಾರು ನೂರು ಕಿಲೋಮೀಟರ್ ದೂರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಮಾಡಿ ಅದನ್ನು ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಮೂರರಲ್ಲಿ ಒಂದು ಕಡೆ ಕೆಟ್ಟರೂ ಊರಿನ ಎಷ್ಟೋ ಬಡಾವಣೆಗೆ ನೀರಿಲ್ಲ. 2022ರ ಸೆಪ್ಟೆಂಬರಿನಲ್ಲಿ ಜೋರು ಮಳೆ ಬಂದು ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿತ್ತು, ನೆನಪಿರಬಹುದು. ಹೊರಗೆ ರಸ್ತೆ ತುಂಬಾ ನೀರು, ಮನೆ ನಲ್ಲಿಯಲ್ಲಿ ಒಂದು ಹನಿ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ರಿಪೇರಿ ಕೆಲಸಕ್ಕೆ ಅಂತ ಮೊದಲೇ ಹೇಳಿ ಮೂರು ದಿನ ನಿಲ್ಲಿಸಿದ್ದರು. ಪಂಪ್ ಮತ್ತೆ ಶುರುವಾದರೂ ನೀರು ತಕ್ಷಣ ನಿಮ್ಮ ಮನೆಗೆ ಬರುವುದಿಲ್ಲ. ಖಾಲಿಯಾದ ಪೈಪುಗಳೆಲ್ಲ ತುಂಬಬೇಕು, ಏರಿಯಾದ ಟ್ಯಾಂಕುಗಳು ತುಂಬಬೇಕು. ತಗ್ಗಿನಲ್ಲಿರುವ ಬೀದಿಗೆ ಮೊದಲು ಸಿಗುತ್ತದೆ, ದಿಬ್ಬದವರಿಗೆ, ಲೈನಿನ ಕೊನೆಯವರಿಗೆ ಕೊನೆಯಲ್ಲಿ. ಪೇಪರಿನಲ್ಲಿ ಎರಡು ದಿನ ಅಂತ ಬಂದದ್ದು ಕೆಲವು ಮನೆಗೆ ನಾಲ್ಕು ದಿನ ಆಗುವುದು ಹೀಗೆ.

ಈಗ ಪೈಪಿನ ಒಳಗೆ ಏನಾಗುತ್ತದೆ ನೋಡಿ. ಪೈಪಿನಲ್ಲಿ ಒತ್ತಡ ಇದ್ದಾಗ, ಎಲ್ಲಾದರೂ ತೂತು ಇದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತಾಗ ಒತ್ತಡ ಹೋಗುತ್ತದೆ, ಅದೇ ತೂತಿನಿಂದ ಹೊರಗಿನ ಕೊಳಕು ಒಳಗೆ ಬರುತ್ತದೆ. ಒಮ್ಮೆ ಒಂದು ಹಳೇ ಬಡಾವಣೆಯಲ್ಲಿ ಬೀದಿ ಪೂರ್ತಿ ಜನಕ್ಕೆ ವಾಂತಿ ಭೇದಿ ಅಂತ ಕರೆದಿದ್ದರು. ರಸ್ತೆ ಅಗೆದಾಗ ಕಂಡದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕುಡಿಯುವ ನೀರಿನ ಕಬ್ಬಿಣದ ಪೈಪು, ಅದಕ್ಕೆ ಒಂದು ಮೊಳ ದೂರದಲ್ಲೇ ಚರಂಡಿ ಪೈಪು, ಎರಡೂ ಸೋರುತ್ತಿದ್ದವು. ಮಧ್ಯದ ಮಣ್ಣು ಕಪ್ಪಗೆ, ಹಿಡಿದರೆ ಬೆರಳಿನ ಸಂದಿಯಲ್ಲಿ ಜಾರುತ್ತಿತ್ತು. ಕಬ್ಬಿಣದ ಪೈಪಿನ ತೂತಿಗೆ ನನ್ನ ಕಿರುಬೆರಳು ಹಿಡಿಯುತ್ತಿತ್ತು ಅಷ್ಟೇ. ಇದರ ಮೇಲೆ ಯಾರಾದರೂ ನೀರು ಬೇಗ ಬರಲಿ ಅಂತ ಜಲಮಂಡಳಿ ಲೈನಿಗೇ ನೇರ ಮೋಟಾರ್ ಹಾಕಿದರೆ ಮುಗಿಯಿತು. ಅದು ಬರೀ ಅಕ್ಕಪಕ್ಕದ ಮನೆಯ ನೀರನ್ನು ಎಳೆಯುವುದಲ್ಲ, ಸುತ್ತಲಿನ ಕೊಚ್ಚೆಯನ್ನೂ ಪೈಪಿಗೆ ಎಳೆಯುತ್ತದೆ. ಹಾಗೆ ಮೋಟಾರ್ ಹಾಕುವುದಕ್ಕೆ ಅನುಮತಿಯೂ ಇಲ್ಲ. ನಿಮ್ಮ ಬೀದಿಯಲ್ಲಿ ಯಾರಾದರೂ ಹಾಕಿದ್ದರೆ ದಯವಿಟ್ಟು ಜಗಳ ಆದರೂ ಪರವಾಗಿಲ್ಲ, ಹೇಳಿ.

ಹಾಗಂತ ಕೆಂಪು ನೀರು ಕಂಡ ಕೂಡಲೇ ಚರಂಡಿ ನೀರು ಅಂತ ಗಾಬರಿ ಬೇಡ. ಕೆಂಪು ಬಣ್ಣ ಹೆಚ್ಚಾಗಿ ಪೈಪಿನ ತುಕ್ಕು, ತಳದಲ್ಲಿ ವರ್ಷಗಟ್ಟಲೆ ಕೂತ ಮಣ್ಣು. ನೀರು ರಭಸದಲ್ಲಿ ಬಂದಾಗ ಅದು ಕಿತ್ತು ಬರುತ್ತದೆ. ಬಿಳಿ ನೀರಂತೂ ಸಾಮಾನ್ಯವಾಗಿ ಬರೀ ಗಾಳಿ. ಒಂದು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿ ಹತ್ತಿರ ಇಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಗಾಳಿ. ಮೇಲಿಂದ ತಿಳಿಯಾಗಿ ತಳದಲ್ಲಿ ಪುಡಿ ಕೂತರೆ ಮಣ್ಣು. ಎರಡು ನಿಮಿಷದ ಕೆಲಸ, ಮಕ್ಕಳಿಗೂ ತೋರಿಸಬಹುದು. ನೀವು ಹೆದರಬೇಕಾದದ್ದು ಬಣ್ಣಕ್ಕಿಂತ ವಾಸನೆಗೆ. ಮಣ್ಣಿನ ವಾಸನೆ ಅಷ್ಟು ದೊಡ್ಡ ವಿಷಯ ಅಲ್ಲ. ಕ್ಲೋರಿನ್ ಘಾಟು ಒಳ್ಳೆಯ ಸುದ್ದಿ. ಕೊಳೆತ ಮೊಟ್ಟೆ ವಾಸನೆ ಕೆಲವು ಬೋರ್‌ವೆಲ್ ನೀರಿಗೆ ಇರುತ್ತದೆ, ಬಹಳ ದಿನ ಉಪಯೋಗಿಸದ ಗೀಸರ್ ನೀರಿಗೂ ಇರುತ್ತದೆ. ಚರಂಡಿ ವಾಸನೆ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಪಾತ್ರೆ ತೊಳೆಯಲೂ ಬೇಡ, ಸಂಪಿಗೆ ಬರುವ ವಾಲ್ವ್ ಮುಚ್ಚಿ ಜಲಮಂಡಳಿಗೆ ಫೋನ್ ಮಾಡಿ. ವಾಸನೆ ಏನೂ ಇಲ್ಲ ಅಂದರೆ ನೀರು ಒಳ್ಳೆಯದು ಅಂತ ಮಾತ್ರ ತಿಳಿಯಬೇಡಿ. ಭೇದಿ ತರುವ ರೋಗಾಣು ಇರುವ ನೀರು ಕನ್ನಡಿಯಂತೆ ತಿಳಿಯಾಗಿರಬಹುದು.

ಇನ್ನು ನಿಮ್ಮ ಮನೆಯವರ ಮಾತುಗಳು. ಯಾರೂ ಪೂರ್ತಿ ತಪ್ಪು ಹೇಳಿಲ್ಲ, ಆದರೆ ಒಬ್ಬೊಬ್ಬರು ಒಂದೊಂದು ತುಂಡು ಹಿಡಿದುಕೊಂಡಿದ್ದಾರೆ.

ಅತ್ತೆಯವರ ಪಟಿಕದಿಂದಲೇ ಶುರು ಮಾಡೋಣ. ಪಟಿಕ ಕೆಸರನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತದೆ. ನೀರು ಶುದ್ಧೀಕರಿಸುವ ದೊಡ್ಡ ಘಟಕಗಳಲ್ಲೂ ಮಾಡುವುದು ಇದೇ ಕೆಲಸ. ಹಾಗಾಗಿ ಅದು ಹಳೇ ಕಾಲದ ನಂಬಿಕೆ ಅಂತ ತಳ್ಳಿಹಾಕಬೇಡಿ. ಬಿಂದಿಗೆ ನೀರಿನಲ್ಲಿ ಪಟಿಕದ ತುಂಡನ್ನು ಕೆಲವು ಸುತ್ತು ಆಡಿಸಿ, ಎರಡು ಮೂರು ಗಂಟೆ ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಆದರೆ ಕೆಸರು ಇಳಿಯಿತೇ ಹೊರತು ರೋಗಾಣು ಸಾಯಲಿಲ್ಲ. ತಾಮ್ರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇರುವುದು ನಿಜ, ಅದಕ್ಕೆ ತುಂಬಾ ಹೊತ್ತು ಬೇಕು, ಬಿಂದಿಗೆ ಒಳಗೆ ಹಸಿರು ಕಿಲುಬು ಇಲ್ಲದೆ ಹೊಳೆಯುತ್ತಿರಬೇಕು. ಭೇದಿ ಆಗಿರುವ ಮಗುವಿಗೆ ಅದೊಂದನ್ನೇ ನಂಬಿ ನೀರು ಕೊಡಲು ನನಗೆ ಧೈರ್ಯವಿಲ್ಲ. ಅತ್ತೆಯವರಿಗೆ ಹೀಗೆ ಹೇಳಿ: ಪಟಿಕ ಆಡಿಸೋಣ, ಆಮೇಲೆ ಕುದಿಸೋಣ, ಆರಿದ ಮೇಲೆ ನಿಮ್ಮ ತಾಮ್ರದ ಬಿಂದಿಗೆಗೇ ಹಾಕೋಣ. ಅವರ ಮಾತೂ ಉಳಿಯುತ್ತದೆ, ನೀರೂ ಸರಿಯಾಗುತ್ತದೆ.

ಕುದಿಸುವುದು ಅಂದರೆ ಪಾತ್ರೆ ತಳದಲ್ಲಿ ಸಣ್ಣ ಗುಳ್ಳೆ ಬರುವುದಲ್ಲ. ನೀರು ಕೊತಕೊತ ಕುದಿಯಬೇಕು, ಹಾಗೆ ಒಂದು ನಿಮಿಷ ಕುದಿದರೆ ಸಾಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಅದರಿಂದ ಏನೂ ತೊಂದರೆ ಇಲ್ಲ. ಇಪ್ಪತ್ತು ನಿಮಿಷ ಕುದಿಸಬೇಕು ಅಂತ ಕೆಲವರು ಹೇಳುತ್ತಾರೆ, ಅದರಿಂದ ಗ್ಯಾಸ್ ಖರ್ಚು ಅಷ್ಟೇ. ಕುದಿಸಿದ ಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ, ಕೈ ಅದ್ದದೆ ಬಗ್ಗಿಸಿಕೊಳ್ಳಿ, ಒಂದು ದಿನದೊಳಗೆ ಮುಗಿಸಿ. ಕುದಿಸಿದ ನೀರಿಗೆ ಮತ್ತೆ ರೋಗಾಣು ಬಿದ್ದರೆ ತಡೆಯುವ ಶಕ್ತಿ ಇರುವುದಿಲ್ಲ. ಕುದಿಸಿದ ನೀರನ್ನು ತೊಳೆಯದ ಚೊಂಬಿನಲ್ಲಿ ಅದ್ದಿ ತೆಗೆದು ಮಕ್ಕಳಿಗೆ ಕೊಡುವುದನ್ನು ನಾನು ಎಷ್ಟು ಮನೆಯಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಯಜಮಾನರ ಆರ್‌ಓ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅನ್ನುವ ಲೆಕ್ಕ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 2000ದ ತನಕ ಒಪ್ಪಬಹುದು. ನಿಮ್ಮ 780 ಬೋರ್‌ವೆಲ್ ನೀರಿಗೆ ಸಾಮಾನ್ಯ. ರುಚಿ ಸ್ವಲ್ಪ ಬೇರೆ ಇರುತ್ತದೆ, ಬೇಳೆ ಬೇಯಲು ಹೊತ್ತಾಗುತ್ತದೆ, ಸೋಪು ನೊರೆ ಬರುವುದಿಲ್ಲ, ಅಷ್ಟೇ. ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲ. ಒಳ್ಳೆಯ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ಮೀಟರ್ ಸರ‍್ರನೆ ಏರುತ್ತದೆ, ಒಂದು ಹನಿ ಚರಂಡಿ ನೀರು ಹಾಕಿದರೆ ಅಂಕಿ ಅಲುಗುವುದೇ ಇಲ್ಲ. ಹಾಗಾಗಿ 780 ಅಂತ ಹೆದರಬೇಡಿ, 150 ಅಂತ ಮೈಮರೆಯಬೇಡಿ.

ಆರ್‌ಓ ಮೆಂಬ್ರೇನ್, ಅಂದರೆ ಒಳಗಿನ ಸೋಸುವ ಪದರ, ಚೆನ್ನಾಗಿದ್ದರೆ ರೋಗಾಣುಗಳನ್ನು ಬಹುಪಾಲು ತಡೆಯುತ್ತದೆ, ಅದು ನಿಜ. ಆದರೆ ಕೆಂಪು ನೀರು ಬಿಟ್ಟರೆ ಮೊದಲ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ದೀಪ ಇರುವ ಮೆಷಿನ್ ಆದರೆ ಕದಡಿದ ನೀರಿನಲ್ಲಿ ಬೆಳಕು ತೂರುವುದಿಲ್ಲ. ಇನ್ನೊಂದು ಮಾತು, ಆರ್‌ಓ ಒಳಗಿನ ಇದ್ದಿಲಿನ ಫಿಲ್ಟರ್ ನೀರಿನ ಕ್ಲೋರಿನ್ನನ್ನು ಪೂರ್ತಿ ತೆಗೆದುಬಿಡುತ್ತದೆ. ಶುದ್ಧವಾದ ನೀರು ಮೆಷಿನ್‌ನ ಪುಟ್ಟ ಟ್ಯಾಂಕಿನಲ್ಲಿ ಯಾವ ಕಾವಲೂ ಇಲ್ಲದೆ ಕೂತಿರುತ್ತದೆ. ಆ ಟ್ಯಾಂಕನ್ನು ಕೊನೆಯ ಸಲ ಯಾವಾಗ ತೊಳೆಸಿದ್ದು ಅಂತ ಯಜಮಾನರನ್ನು ಕೇಳಿ ನೋಡಿ. ನೀರು ಕೆಂಪಗೆ ಬಂದ ದಿನ ಆರ್‌ಓ ಆಫ್ ಮಾಡಿ, ತಿಳಿಯಾದ ಮೇಲೆ ಹಾಕಿ, ಮೊದಲ ಒಂದು ಟ್ಯಾಂಕ್ ನೀರನ್ನು ನೆಲ ಒರೆಸಲು ಬಳಸಿ. ಫಿಲ್ಟರ್ ಬದಲಾಯಿಸಿ ತುಂಬಾ ದಿನ ಆಗಿದ್ದರೆ ಬದಲಾಯಿಸಿ. ಅಲ್ಲಿಯವರೆಗೆ ಆರ್‌ಓ ನೀರನ್ನೂ ಕುದಿಸಿಯೇ ಮಗುವಿಗೆ ಕೊಡಿ.

ಇನ್ನು ಬ್ಲೀಚಿಂಗ್ ಪೌಡರ್ ಮತ್ತು ಕ್ಯಾನ್ಸರ್. ಈ ಹೆದರಿಕೆ ಎಲ್ಲಿಂದ ಬಂತು ಅಂದರೆ, ಎಲೆ ಕಸ ಕೊಳೆತ ನೀರಿಗೆ ಕ್ಲೋರಿನ್ ಸೇರಿದಾಗ ಕೆಲವು ರಾಸಾಯನಿಕಗಳು ಹುಟ್ಟುವುದು ನಿಜ. ಅದು ಬಹಳ ವರ್ಷ ದಿನಾ ಕುಡಿಯುವ ನೀರಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೆಲ್ಲ ತೂಗಿ ನೋಡಿಯೇ, ಆ ಭಯಕ್ಕೆ ಕ್ಲೋರಿನ್ ಹಾಕುವುದನ್ನು ಮಾತ್ರ ಬಿಡಬೇಡಿ ಅಂತ ಹೇಳಿದೆ. ನಿಮಗೆ ಬರುವ ಕಾವೇರಿ ನೀರಿಗೂ ಕ್ಲೋರಿನ್ ಹಾಕಿಯೇ ಕಳಿಸುತ್ತಾರೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮವೇ ಇದೆ. ಕ್ಯಾನ್ಸರ್ ಹೆದರಿಕೆ ಮುಂದೆ ಇಟ್ಟುಕೊಂಡು ಇವತ್ತಿನ ಭೇದಿಯನ್ನು ಬಿಡುವುದು ಬೇಡ. ಹಾಗಂತ ಕೈಗೆ ಸಿಕ್ಕಷ್ಟು ಸುರಿಯುವುದೂ ಬೇಡ.

ಸಂಪಿನ ನೀರು ಚೆಲ್ಲಬೇಕಾ ಅಂತ ಕೇಳಿದ್ದೀರಿ. ಚರಂಡಿ ವಾಸನೆ ಇಲ್ಲ ಅಂದರೆ ಬೇಡ. ಅಷ್ಟು ನೀರು ಮತ್ತೆ ಎಲ್ಲಿಂದ ತರುತ್ತೀರಿ? ಒಂದು ದಿನ ನೀರು ಅಲುಗಾಡದೆ ನಿಲ್ಲಲಿ, ಮಣ್ಣು ತಳ ಸೇರುತ್ತದೆ. ಆಮೇಲೆ ಟೇಪು ಹಿಡಿದು ಸಂಪಿನ ಉದ್ದ, ಅಗಲ, ಅದರಲ್ಲಿ ನಿಂತ ನೀರಿನ ಎತ್ತರ ಮೀಟರಿನಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿ ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ಉದ್ದ, 2 ಅಗಲ, ಒಂದೂವರೆ ಎತ್ತರ ನೀರು ಇದ್ದರೆ 6000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರ್, ಅಂದರೆ 6000ಕ್ಕೆ 15 ಗ್ರಾಂ. ಅಡುಗೆ ಮನೆಯ ಸಣ್ಣ ತಕ್ಕಡಿ ಇದ್ದರೆ ಅದರಲ್ಲಿ ತೂಗಿ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ, ಹೊಸ ಪೊಟ್ಟಣ ತನ್ನಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಕೆಟ್ಟಿನ ಮುಕ್ಕಾಲು ತುಂಬಾ ನೀರು ಹಾಕಿ ಹತ್ತು ನಿಮಿಷ ಬಿಡಿ. ಸುಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುತ್ತಲೂ ಬೀಳುವ ಹಾಗೆ ಸುರಿಯಿರಿ. ಒಂದು ಗಂಟೆ ಬಿಟ್ಟು ಒಂದು ಲೋಟ ತೆಗೆದು ಮೂಸಿ ನೋಡಿ. ತೆಳುವಾಗಿ ಕ್ಲೋರಿನ್ ವಾಸನೆ ಬರಬೇಕು. ಏನೂ ಬರದಿದ್ದರೆ ನೀರಿನಲ್ಲಿ ಕೊಳೆ ಜಾಸ್ತಿ ಇತ್ತು, ಹಾಕಿದ್ದೆಲ್ಲ ಅದಕ್ಕೇ ಖರ್ಚಾಯಿತು ಅಂತ ಅರ್ಥ. ಇನ್ನೊಂದು ಸಲ ಅಷ್ಟೇ ಹಾಕಿ. ಹನಿ ಹಾಕಿದರೆ ನೀರು ಹಳದಿ ಆಗುವ ಕ್ಲೋರಿನ್ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು, ನಾಲ್ಕು ಮನೆ ಸೇರಿ ಒಂದು ತನ್ನಿ.

ಕೆಲಸ ಮಾಡುವಾಗ ಗಾಳಿ ಆಡುವ ಕಡೆ ನಿಲ್ಲಿ, ಪೌಡರನ್ನು ಮುಖಕ್ಕೆ ಹತ್ತಿರ ತರಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಿದ ಬಕೆಟ್ಟು, ಮಗ್ಗು ಖಂಡಿತ ಬೇಡ, ಎರಡೂ ಸೇರಿದರೆ ವಿಷದ ಗಾಳಿ ಹುಟ್ಟುತ್ತದೆ. ಆಮೇಲೆ ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿ, ಪ್ರತಿ ಮನೆಯಲ್ಲೂ ಒಂದೊಂದೇ ನಲ್ಲಿ ತೆರೆದು ಆ ತೆಳು ವಾಸನೆ ಬರುವವರೆಗೆ ನೀರು ಬಿಡಿ. ಬಿಟ್ಟ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಟಾಯ್ಲೆಟ್ಟಿಗೆ ಇಟ್ಟುಕೊಳ್ಳಿ. ಆಗ ಪೈಪಿನ ಒಳಗೂ ಕ್ಲೋರಿನ್ ಓಡಾಡಿದ ಹಾಗಾಯಿತು.

ಮುಂದೆ ಯಾವಾಗಲಾದರೂ ಸಂಪು ಖಾಲಿಯಾದಾಗ ತೊಳೆಸಿ. ಆದರೆ ಇದೊಂದು ಮಾತು ನಾಲ್ಕೂ ಮನೆಯವರಿಗೆ, ಓನರ್‌ಗೆ ಎಲ್ಲರಿಗೂ ಹೇಳಿ: ಬಹಳ ದಿನ ಮುಚ್ಚಿದ ಸಂಪಿಗೆ ಯಾರನ್ನೂ ಸುಮ್ನೆ ಇಳಿಸಬೇಡಿ. ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಮೊದಲು ಇಳಿದವನು ಕುಸಿದು ಬೀಳುತ್ತಾನೆ, ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಹೀಗೆ ಜೀವ ಹೋದ ಮನೆಗಳಿಗೆ ನಾನು ಹೋಗಿ ಬಂದಿದ್ದೇನೆ. ಮುಚ್ಚಳ ಪೂರ್ತಿ ತೆಗೆದು ಕೆಲವು ಗಂಟೆ ಬಿಟ್ಟು, ಫ್ಯಾನ್ ಇಟ್ಟು ಗಾಳಿ ಊದಿಸಿ, ಮೋಟಾರಿನ ಮೇನ್ ಸ್ವಿಚ್ ತೆಗೆದು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿದ್ದರೆ ಮಾತ್ರ. ಅಥವಾ ಇಳಿಯದೆ ಮೆಷಿನ್ನಿನಲ್ಲಿ ತೊಳೆಯುವವರನ್ನು ಕರೆಸಿ, ಅದೇ ಒಳ್ಳೆಯದು. ನಾಲ್ಕು ಮನೆಗೆ ಹಂಚಿದರೆ ಆ ಖರ್ಚು ದೊಡ್ಡದಲ್ಲ. ಅದೇ ದಿನ ಮುಚ್ಚಳದ ಸುತ್ತ ನೋಡಿ. ನೆಲದ ಮಟ್ಟದಲ್ಲೇ ಮುಚ್ಚಳ ಇದ್ದರೆ ಪಾರ್ಕಿಂಗ್ ತೊಳೆದ ನೀರು, ಮಳೆ ನೀರು ಎಲ್ಲ ಒಳಗೇ ಹೋಗುತ್ತಿರುತ್ತದೆ. ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿಸಲು ಓನರ್‌ಗೆ ಹೇಳಿ. ಪಕ್ಕದಲ್ಲೇ ಚರಂಡಿ ಚೇಂಬರ್ ಇದ್ದರೆ ನನಗೆ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ.

ತಪ್ಪು ಲೈನಿನದ್ದೋ ಸಂಪಿನದ್ದೋ ಅಂತ ತಿಳಿಯಲು ಒಂದು ದಾರಿ ಇದೆ. ಎಚ್‌ಟುಎಸ್ ಬಾಟಲಿ ಅಂತ ಸಣ್ಣ ಪರೀಕ್ಷೆ ಕಿಟ್ ಬರುತ್ತದೆ. ಅದರಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲದ ಕೊಳೆ ಸೇರಿದ ನೀರು ಸಾಮಾನ್ಯವಾಗಿ ಕಪ್ಪಗಾಗುತ್ತದೆ. ಎರಡು ಬಾಟಲಿ ತನ್ನಿ. ಒಂದಕ್ಕೆ ಕಾವೇರಿ ಬರುವಾಗ ಸಂಪಿಗೆ ಬೀಳುವ ಪೈಪಿನಿಂದಲೇ ಹಿಡಿಯಿರಿ, ಇನ್ನೊಂದಕ್ಕೆ ನಿಮ್ಮ ಅಡುಗೆ ಮನೆ ನಲ್ಲಿಯಿಂದ. ಇದನ್ನು ಬ್ಲೀಚಿಂಗ್ ಪೌಡರ್ ಹಾಕುವುದಕ್ಕೆ ಮುಂಚೆ ಮಾಡಬೇಕು.

ಡ್ರಮ್ಮಿನ ನೀರು. ಇದನ್ನು ಇವತ್ತೇ ಖಾಲಿ ಮಾಡಿ. ಬಟ್ಟೆ ಒಗೆಯಿರಿ, ಗಿಡಕ್ಕೆ ಹಾಕಿ, ಟಾಯ್ಲೆಟ್ಟಿಗೆ ಸುರಿಯಿರಿ. ಡೆಂಗಿ ತರುವ ಸೊಳ್ಳೆ ಕೊಚ್ಚೆಯಲ್ಲಿ ಅಲ್ಲ, ಹೀಗೆ ತುಂಬಿಟ್ಟ ತಿಳಿ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಏಳರಿಂದ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ನೀರು ಚೆಲ್ಲಿದರೂ ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದಾಗ ಮರಿಯಾಗುತ್ತದೆ. ಅದಕ್ಕೇ ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ, ಬೋರಲು ಹಾಕಿ ಒಣಗಿಸಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿದೆಯಲ್ವಾ. ನೀರಿನ ತೊಂದರೆ ಇರುವ ಬಡಾವಣೆಗಳಲ್ಲಿ ಡ್ರಮ್ಮುಗಳು ಜಾಸ್ತಿ, ಸೊಳ್ಳೆಯೂ ಜಾಸ್ತಿ. ಮುಂದೆ ತುಂಬಿಟ್ಟರೆ ಬಿಗಿಯಾದ ಮುಚ್ಚಳ ಹಾಕಿ, ಇಲ್ಲದಿದ್ದರೆ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಕಟ್ಟಿ, ವಾರಕ್ಕೊಂದು ದಿನ ಉಜ್ಜಿ.

ಮುಂದಿನ ಸಲದ ಬಗ್ಗೆ. ನಾನು ಎಲ್ಲರಿಗೂ ಹೇಳುವುದು, ಕುಡಿಯುವ ನೀರನ್ನೂ ಬಳಸುವ ನೀರನ್ನೂ ಮೊದಲ ಗಂಟೆಯಲ್ಲೇ ಬೇರೆ ಮಾಡಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಅಂತ ಇಟ್ಟುಕೊಂಡರೆ ನಾಲ್ಕು ಜನಕ್ಕೆ ಮೂರು ದಿನಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನ್. ನೀರು ನಿಲ್ಲುತ್ತದೆ ಅಂತ ಸುದ್ದಿ ಬಂದ ಕೂಡಲೇ ಸಂಪಿನಲ್ಲಿ ಒಳ್ಳೆಯ ಕಾವೇರಿ ನೀರು ಇರುವಾಗಲೇ ಇಷ್ಟನ್ನು ತುಂಬಿಟ್ಟುಬಿಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಕ್ಲೋರಿನ್ ಮಾತ್ರೆ ಇದ್ದರೆ ಚೀಟಿಯಲ್ಲಿ ಬರೆದ ಅಳತೆಗೆ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಟ್ಯಾಂಕರ್ ಎಂಥ ನೀರು ತಂದರೂ ನಿಮಗೆ ಚಿಂತೆಯಿಲ್ಲ. ಈ ಸಲ ನಿಮ್ಮ ಮನೆಯಲ್ಲಿ ಎಡವಿದ್ದು ಇಲ್ಲೇ. ಟ್ಯಾಂಕರ್ ನೀರು, ಕೆಂಪು ನೀರು, ಉಳಿದ ನೀರು ಎಲ್ಲ ಒಂದೇ ಸಂಪಿಗೆ ಹೋಯಿತು, ಕುಡಿಯುವುದಕ್ಕೂ ಅದೇ ಆಯಿತು.

ಟ್ಯಾಂಕರ್ ಬಂದಾಗ ಯಾರಾದರೂ ಒಬ್ಬರು ಕೆಳಗಿಳಿದು ನಿಂತಿರಿ. ಎಲ್ಲಿಯ ನೀರು ಅಂತ ಕೇಳಿ. ಮೊದಲ ಬಕೆಟ್ ಹೊರಗೆ ಹಿಡಿದು ಮೂಸಿ ನೋಡಿ, ಪೈಪಿನ ತುದಿ ನೆಲದ ಮೇಲೆ, ಮೋರಿಯಲ್ಲಿ ಎಳೆದುಕೊಂಡು ಬಂದಿದ್ದರೆ ತೊಳೆದ ಮೇಲೆಯೇ ಸಂಪಿಗೆ ಬಿಡಿಸಿ. ಡ್ರೈವರ್ ಅವಸರ ಮಾಡುತ್ತಾರೆ, ಮಾಡಲಿ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಹಾಲು ಪುಡಿ ಕಲಸಿ ಕೊಡುವ ಹಸುಗೂಸು ಇರುವ ಮನೆಯಲ್ಲಿ ಗುರುತಿಲ್ಲದ ಬೋರ್‌ವೆಲ್ ನೀರು ಬೇಡವೇ ಬೇಡ. ಜಲಮಂಡಳಿಯೇ 2025ರಲ್ಲಿ ಸಂಚಾರಿ ಕಾವೇರಿ ಅಂತ ಕಾವೇರಿ ನೀರನ್ನೇ ಟ್ಯಾಂಕರಿನಲ್ಲಿ ಕಳಿಸಲು ಶುರು ಮಾಡಿದೆ, ಮೊದಲು ಅದಕ್ಕೆ ಪ್ರಯತ್ನಿಸಿ.

ಬಳಸುವ ನೀರಿನಲ್ಲಿ ದೊಡ್ಡ ಪಾಲು ಟಾಯ್ಲೆಟ್ಟಿಗೆ ಹೋಗುತ್ತದೆ. ಫ್ಲಷ್ ಟ್ಯಾಂಕಿಗೆ ನೀರು ಹೋಗುವ ಕಾಕ್ ಮುಚ್ಚಿಬಿಡಿ. ಅರ್ಧ ಬಕೆಟ್ ನೀರನ್ನು ಒಂದೇ ಸಲಕ್ಕೆ ರಭಸವಾಗಿ ಸುರಿದರೆ ಸಾಕು, ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿದರೆ ಎರಡು ಬಕೆಟ್ ಹೋದರೂ ಆಗುವುದಿಲ್ಲ. ಅದಕ್ಕೆ ಸ್ನಾನದ ನೀರು, ವಾಷಿಂಗ್ ಮೆಷಿನ್ ನೀರು, ಆರ್‌ಓದಿಂದ ಹೊರಗೆ ಹೋಗುವ ನೀರು, ಅಕ್ಕಿ ತೊಳೆದ ನೀರು ಯಾವುದಾದರೂ ಆದೀತು. ಕೈ ತೊಳೆಯುವುದರಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ನಲ್ಲಿ ಇರುವ ಕ್ಯಾನ್ ಒಂದನ್ನು ಸೋಪಿನ ಜೊತೆ ಟಾಯ್ಲೆಟ್ ಬಾಗಿಲಲ್ಲೇ ಇಡಿ. ಮನೆಯಲ್ಲಿ ಒಬ್ಬರಿಗೆ ಭೇದಿ ಇದ್ದಾಗ ಉಳಿದವರಿಗೆ ಹಬ್ಬುವುದು ನೀರಿಗಿಂತ ಹೆಚ್ಚಾಗಿ ಕೈಯಿಂದ.

ನೀರು ಪೂರ್ತಿ ಖಾಲಿಯಾದಾಗ ಮೋಟಾರ್ ಮತ್ತು ಗೀಸರ್ ಸ್ವಿಚ್ ತೆಗೆದುಬಿಡಿ. ಒಣ ಸಂಪಿನಲ್ಲಿ ಮೋಟಾರ್ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ನಿಮ್ಮ ಮಾಳಿಗೆ ಮೇಲೆ ಗಾಜಿನ ಕೊಳವೆಯ ಸೋಲಾರ್ ಇದ್ದರೆ ಇದನ್ನು ಓನರ್‌ಗೆ ಈಗಲೇ ಹೇಳಿ. ನೀರಿಲ್ಲದೆ ಬಿಸಿಲಿಗೆ ಕಾದ ಕೊಳವೆಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ. ಒಮ್ಮೆ ನನ್ನ ಕಣ್ಣೆದುರೇ, ಟ್ಯಾಂಕರ್ ಬಂತು ಅಂತ ಎರಡು ಗಂಟೆ ಬಿಸಿಲಲ್ಲಿ ಮೋಟಾರ್ ಹಾಕಿದರು. ಐದು ನಿಮಿಷಕ್ಕೆ ಮಾಳಿಗೆಯಿಂದ ಟಪ್ ಟಪ್ ಅಂತ ಸದ್ದು, ಹೋಗಿ ನೋಡಿದರೆ ಆರು ಕೊಳವೆ ಹೋಗಿದ್ದವು, ಅಷ್ಟು ಕಷ್ಟಪಟ್ಟು ತರಿಸಿದ ನೀರು ತಾರಸಿ ಮೇಲೆ ಹರಿಯುತ್ತಿತ್ತು. ಅಂಥ ಸಮಯದಲ್ಲಿ ಸೋಲಾರಿಗೆ ಹೋಗುವ ವಾಲ್ವ್ ಮುಚ್ಚಿಟ್ಟು, ಬೆಳಗ್ಗೆ ಬಿಸಿಲೇರುವ ಮುಂಚೆ ಅಥವಾ ರಾತ್ರಿ ತುಂಬಿಸಿ. ಟ್ಯಾಂಕ್ ತುಂಬಿದರೂ ನಿಮ್ಮ ಎರಡನೇ ಮಹಡಿಯ ನಲ್ಲಿಯಲ್ಲಿ ನೀರು ಬರದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದಿಡಿ, ಸ್ವಲ್ಪ ಹೊತ್ತು ಬುಸುಗುಟ್ಟಿ ಸರಿಹೋಗುತ್ತದೆ.

ನೀರು ತಿರುಗಿ ಬರುವ ದಿನ ಸಂಪಿಗೆ ಹೋಗುವ ವಾಲ್ವ್ ಮುಚ್ಚಿ, ಸಂಪಿಗೆ ಮುಂಚೆ ಇರುವ ಗೇಟಿನ ಹತ್ತಿರದ ನಲ್ಲಿ ತೆರೆಯಿರಿ. ಕೆಂಪು ನೀರೆಲ್ಲ ಬಕೆಟ್ಟಿಗೆ ಹೋಗಲಿ. ತಿಳಿಯಾದ ಮೇಲೆ ಮೂಸಿ ನೋಡಿ ಸಂಪಿನ ವಾಲ್ವ್ ತೆರೆಯಿರಿ. ಆ ಜಾಗದಲ್ಲಿ ನಲ್ಲಿ ಇಲ್ಲದಿದ್ದರೆ ಒಂದು ಹಾಕಿಸಿ, ಪ್ಲಂಬರಿಗೆ ಅರ್ಧ ದಿನದ ಕೆಲಸವೂ ಅಲ್ಲ.

ಆ ಎರಡು ಬಾಟಲಿ ಪರೀಕ್ಷೆ ಮಾಡಿ ನನಗೆ ಮತ್ತೆ ಬರೆಯಿರಿ. ಅಡುಗೆ ಮನೆಯದು ಮಾತ್ರ ಕಪ್ಪಾದರೆ ಸಂಪು, ಟ್ಯಾಂಕ್, ಚೇಂಬರ್ ನೋಡೋಣ. ರಸ್ತೆಯಿಂದ ಬರುವ ನೀರಿನದೂ ಕಪ್ಪಾದರೆ ಬಾಟಲಿಯ ಫೋಟೋ ಇಟ್ಟುಕೊಂಡು, ಅಕ್ಕಪಕ್ಕದ ಮನೆಗಳಲ್ಲಿ ಯಾರಿಗಾದರೂ ಭೇದಿ ಇದೆಯಾ ಅಂತ ಕೇಳಿ, ಅದೇ ದಿನ 1916ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ತೆಗೆದುಕೊಳ್ಳಿ.